ಷರಾ ಅಂಕಣವಿಲ್ಲದ ಪರದೆ

ನಮ್ಮ ಬಳಗದ ಓದುಕೂಟಕ್ಕೆ ಸ್ವಂತ ಜಾಗವಿಲ್ಲ. ಹೊರನಾಡಿನ ಅನೇಕ ಬಳಗಗಳಂತೆ ನಾವೂ ಗೆಳೆಯರ ಮನೆಯ ಪಡಸಾಲೆ, ಶಾಲೆಯ ಕೋಣೆ, ದೇವಸ್ಥಾನದ ಸಭಾಂಗಣ ಎಂದು ಅಲೆದು, ಒಂದು ವರ್ಷದಿಂದ ಪುಣೆಯ ಬಾಣೇರ್ ಕಡೆಯ ಕೋ-ವರ್ಕಿಂಗ್ ಕಚೇರಿಯೊಂದರ ಸಭಾಕೊಠಡಿಯಲ್ಲಿ ನೆಲೆಯೂರಿದ್ದೇವೆ. ವಾರವಿಡೀ ಸಾಫ್ಟ್‌ವೇರ್ ಹುಡುಗರಿಂದ ತುಂಬಿರುವ ಆ ಸ್ಥಳ ಭಾನುವಾರ ಹೆಚ್ಚುಕಡಿಮೆ ಖಾಲಿ. ಗಂಟೆಯ ಬಾಡಿಗೆಯೂ ನಮ್ಮ ಚಂದಾ ಹಣಕ್ಕೆ ಎಟಕುವಂಥದು.

ಮಳೆಗಾಲದ ಒಂದು ಭಾನುವಾರ ನಾವು ಹೋದಾಗ ನಮ್ಮ ಕೊಠಡಿಯಲ್ಲಿ ಆಗಲೇ ಬೇರೆ ಜನ ಕುಳಿತಿದ್ದರು. ಅವರ ಮೊಬೈಲಿನಲ್ಲಿಯೂ ಬುಕಿಂಗ್ ಖಚಿತವೆಂಬ ಸಂದೇಶವಿತ್ತು, ನಮ್ಮದರಲ್ಲಿಯೂ ಇತ್ತು. ಸ್ವಾಗತದ ಮೇಜಿನ ತರುಣಿ ಕಂಪ್ಯೂಟರಿನ ಪರದೆಯನ್ನೊಮ್ಮೆ ನೋಡಿದರು. ಅಲ್ಲಿ ಎಲ್ಲವೂ ಹಸಿರಾಗಿತ್ತು. ಅನಂತರ ಡ್ರಾಯರಿನಿಂದ ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕವೊಂದನ್ನು ತೆಗೆದು, ಸಾಲುಗಳ ಮೇಲೆ ಬೆರಳಾಡಿಸಿ, ಎರಡೇ ನಿಮಿಷದಲ್ಲಿ ತಂಟೆ ಬಗೆಹರಿಸಿದರು. ನಮ್ಮ ಹೆಸರಿನ ಎದುರು ಮರಾಠಿಯಲ್ಲಿ ಪೆನ್ಸಿಲಿನಿಂದ ಬರೆದಿತ್ತು: ಕನ್ನಡದವರು, ತಿಂಗಳ ಎರಡನೆಯ ಭಾನುವಾರ, 20 ಕುರ್ಚಿ, ಪ್ರೊಜೆಕ್ಟರ್ ಬೇಡ, ಒಬ್ಬ ಅಜ್ಜ ಮೆಟ್ಟಿಲು ಹತ್ತಲಾರರು, ಕೆಳಗಿನ ಕೊಠಡಿಯನ್ನೇ ಕೊಡಬೇಕು. ಇನ್ನೊಂದು ತಂಡದ ಎದುರು ಇದ್ದದ್ದು ಇಷ್ಟೇ: ಆರು ಜನ, ಎಲ್ಲಾದರೂ ಆದೀತು. ಅವರು ಗೊಣಗದೆ ಮಹಡಿ ಹತ್ತಿದರು.

ಆ ಬರಹವಿದ್ದ ಕೊನೆಯ ಅಂಕಣದ ನೆತ್ತಿಯ ಮೇಲೆ 'ಶೇರಾ' ಎಂದಿತ್ತು. ನಮ್ಮಲ್ಲಿ ಅದು 'ಷರಾ'. ಶಾಲೆಯ ದಾಖಲೆಗಳಿಂದ ಹಿಡಿದು ಕಚೇರಿಯ ನಮೂನೆಗಳವರೆಗೆ ಎಷ್ಟೋ ಪಟ್ಟಿಗಳ ಬಲತುದಿಯಲ್ಲಿ ಕಾಣುವ ಪದ. ಉಳಿದ ಯಾವ ಅಂಕಣದಲ್ಲೂ ಹಿಡಿಸದ ಸಂಗತಿಗೆ ಅದೊಂದು ತಾವು.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಬಳಗದ ಕಿರಿಯ ಸದಸ್ಯರೊಬ್ಬರಿಗೆ ಇಂಥ ಪರದೆಗಳನ್ನು ವಿನ್ಯಾಸಗೊಳಿಸುವುದೇ ವೃತ್ತಿ. ಓದುಕೂಟದ ದೆಸೆಯಿಂದಲೇ ಆ ಸ್ಥಳದ ಮಾಲೀಕರ ಪರಿಚಯವಾಗಿ, ಅಲ್ಲಿನ ಆಡಳಿತದ ಡ್ಯಾಶ್‌ಬೋರ್ಡನ್ನು ಹೊಸದಾಗಿ ರೂಪಿಸುವ ಕೆಲಸ ಅವರಿಗೆ ಬಂದಿದೆ. ಮಾಲೀಕರ ಅಪೇಕ್ಷೆ ಎರಡು: ಮೂರೂ ಶಾಖೆಗಳು ಒಂದೇ ಪರದೆಯಲ್ಲಿ ಕಾಣಬೇಕು, ಮೇಜಿನ ಮೇಲಿನ ಪುಸ್ತಕಗಳೆಲ್ಲ ಹೋಗಬೇಕು. ಕಳೆದ ತಿಂಗಳು ಓದು ಮುಗಿದ ಮೇಲೆ, ಚಹಾದ ನಡುವೆ, ಅವರು ಮೊದಲ ಕರಡನ್ನು ನಮಗೆ ತೋರಿಸಿದರು. ಮೇಲ್ಗಡೆ ನಾಲ್ಕು ದಪ್ಪ ಅಂಕಿಗಳು: ಆಕ್ಯುಪೆನ್ಸಿ, ತಿಂಗಳ ವರಮಾನ, ಹೊಸ ಸದಸ್ಯರು, ಬಿಟ್ಟುಹೋದವರು. ಕೆಳಗೆ ಏರಿಳಿಯುವ ಗೆರೆಗಳು. ಚೆಂದವಾಗಿತ್ತು. ಆದರೆ ಆ ಭಾನುವಾರದ ನಮ್ಮ ತೊಂದರೆಯನ್ನು ಬಿಡಿಸುವ ಒಂದೇ ಒಂದು ಅಕ್ಷರ ಅಲ್ಲಿರಲಿಲ್ಲ.

ಡ್ಯಾಶ್‌ಬೋರ್ಡ್ ಎಂಬ ಮಾತು ಮೋಟಾರು ಕಾರಿಗಿಂತ ಹಳೆಯದು. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಗಾಡಿಯಲ್ಲಿ ಕುಳಿತವರಿಗೆ ತಾಗದಿರಲೆಂದು 19ನೆಯ ಶತಮಾನದಲ್ಲಿ ಮುಂಭಾಗಕ್ಕೆ ಹಲಗೆಯೊಂದನ್ನು ಕಟ್ಟುತ್ತಿದ್ದರು. ಅದಕ್ಕಿದ್ದ ಹೆಸರು ಇದು. (ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಪದಗಳ ಬೇರು ಕೆದಕುವ ಚಟ ಬಿಡದು, ಓದುಗರು ಮನ್ನಿಸಬೇಕು.) ಇಂದಿನ ಡ್ಯಾಶ್‌ಬೋರ್ಡುಗಳೂ ಬಹುಮಟ್ಟಿಗೆ ಅದೇ ಕೆಲಸ ಮಾಡುತ್ತವೆ.

ಆಕ್ಯುಪೆನ್ಸಿ ಎಂಬ ಅಂಕಿಯನ್ನೇ ನೋಡೋಣ. 100 ಆಸನಗಳ ಒಂದು ಸ್ಥಳ ಇದೆಯೆನ್ನಿ. 50 ಆಸನಗಳು ಎರಡು ಕಂಪನಿಗಳು ಬಾಡಿಗೆಗೆ ಪಡೆದ ಕ್ಯಾಬಿನ್‌ಗಳೊಳಗಿವೆ; ಅವರ ಸಿಬ್ಬಂದಿ ಬರುವುದು ವಾರಕ್ಕೆ ಮೂರು ದಿನ. 30 ಮೇಜುಗಳು ಇಂಥವರಿಗೇ ಎಂದು ಗೊತ್ತಾದವು. ಉಳಿದ 20 ಹಾಟ್ ಡೆಸ್ಕ್, ಅಂದರೆ ಮೊದಲು ಬಂದವರಿಗೆ. ಎಲ್ಲರೂ ಒಂದೇ ದಿನ ಬರಲಾರರೆಂಬ ಲೆಕ್ಕದಲ್ಲಿ ಅದಕ್ಕೆ 35 ಜನರಿಗೆ ತಿಂಗಳ ಪಾಸ್ ಮಾರಲಾಗಿದೆ. ಈಗ ಆಕ್ಯುಪೆನ್ಸಿ ಎಷ್ಟು? ಕರಾರು ಎಣಿಸಿದರೆ ಶೇಕಡ 115, ಆಸನ ಎಣಿಸಿದರೆ ಪೂರ್ತಿ 100. ಶುಕ್ರವಾರ ಬಂದ ತಲೆಗಳನ್ನು ಎಣಿಸಿದರೆ ಅರ್ಧವೂ ಇರಲಿಕ್ಕಿಲ್ಲ. ಮಂಗಳವಾರ ಆ 35 ಮಂದಿಯೂ ಬಂದುಬಿಟ್ಟರೆ 15 ಜನ ಲ್ಯಾಪ್‌ಟಾಪ್ ಹಿಡಿದು ನಿಂತಿರುತ್ತಾರೆ, ಪರದೆ ಮಾತ್ರ ಹಸಿರು ಬೀರುತ್ತಿರುತ್ತದೆ. ಬ್ಯಾಂಕಿನವರೆದುರು ಕೂರುವ ಮಾಲೀಕರಿಗೆ ಕರಾರಿನ ಲೆಕ್ಕ ಬೇಕು. ಚಹಾ ಮಾಡುವವನಿಗೆ ಇಂದಿನ ತಲೆಗಳ ಲೆಕ್ಕ ಸಾಕು. ನಿಂತಿರುವ 15 ಜನರ ಮುಖ ನೋಡಬೇಕಾದ ಆ ತರುಣಿಗೆ ಬೇಕಾದದ್ದು ಇವೆರಡೂ ಅಲ್ಲ: ಹನ್ನೊಂದು ಗಂಟೆಗೆ ಯಾವ ಕ್ಯಾಬಿನ್ ಖಾಲಿ, ಅದನ್ನು ಕೇಳಿ ಪಡೆಯಲು ಯಾರಿಗೆ ಫೋನ್ ಮಾಡಬೇಕು ಎಂಬುದು.

ದೊಡ್ಡ ಅಂಕಿಯೊಂದನ್ನು ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಈ ಉದ್ಯಮದಲ್ಲೇ ಉದಾಹರಣೆಯಿದೆ. 2010ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವೀವರ್ಕ್ ಕಂಪನಿ 2018ರಲ್ಲಿ ಸಾಲಪತ್ರ ಹೊರಡಿಸುವಾಗ 'ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್‌ಡಾ' ಎಂಬ ಹೊಸ ಮಾಪನವನ್ನು ಮುಂದಿಟ್ಟಿತು. ಪ್ರಚಾರದ ಖರ್ಚು, ಆಡಳಿತದ ಖರ್ಚು, ವಿನ್ಯಾಸದ ಖರ್ಚು ಮೊದಲಾದವನ್ನೆಲ್ಲ ಬದಿಗಿಟ್ಟು ತೆಗೆದ ಲಾಭ ಅದು. 2019ರ ಜನವರಿಯಲ್ಲಿ ಕಂಪನಿಯ ಬೆಲೆ 4,700 ಕೋಟಿ ಡಾಲರ್ ಎಂದು ಕಟ್ಟಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಷೇರು ಮಾರಾಟವನ್ನು ಹಿಂತೆಗೆದುಕೊಳ್ಳಬೇಕಾಯಿತು, 2023ರ ನವೆಂಬರಿನಲ್ಲಿ ದಿವಾಳಿ ಅರ್ಜಿ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮಂಥ ಸರ್ಕಾರಿ ನೌಕರರು ಇದನ್ನು ಬಲ್ಲೆವು. ಬಾಕಿ ಕಡತ ಪರದೆಯ ಮೇಲೆ ಕೆಂಪಗೆ ಕಾಣುತ್ತದೆ. 'ಸ್ಪಷ್ಟೀಕರಣ ಕೋರಿದೆ' ಎಂದು ಒಂದು ಸಾಲು ಬರೆದು ಕೆಳಗಿನ ಮೇಜಿಗೆ ಇಳಿಸಿದರೆ ಹಸಿರಾಗುತ್ತದೆ. ಅರ್ಜಿದಾರ ನಿಂತಲ್ಲೇ ನಿಂತಿರುತ್ತಾನೆ.

ಪುಸ್ತಕದ ಪರವಾಗಿ ಮಾತನಾಡುವುದು ಹಳೆಯದರ ಮೋಹದಿಂದಲ್ಲ. ಕಿರಿಯ ಮಿತ್ರರ ತಕರಾರು ನ್ಯಾಯವಾದದ್ದು: ಆ ತರುಣಿ ಅಂದು ರಜೆಯಲ್ಲಿದ್ದಿದ್ದರೆ ನಾವು ಬೀದಿಯಲ್ಲಿರುತ್ತಿದ್ದೆವು. ಪುಸ್ತಕ ಒಂದೇ ಡ್ರಾಯರಿನಲ್ಲಿರುತ್ತದೆ, ಒಬ್ಬರೇ ಅದರಲ್ಲಿ ದಾರಿ ಬಲ್ಲವರು. ಫೋನಿನ ಬುಕಿಂಗ್ ಒಂದು ಪಟ್ಟಿಗೆ, ಆ್ಯಪಿನದು ಇನ್ನೊಂದಕ್ಕೆ ಹೋಗುತ್ತಿದ್ದುದೇ ಗೊಂದಲದ ಮೂಲ, ಅದನ್ನು ಯಂತ್ರವೇ ಸರಿಪಡಿಸಬೇಕು. ನಾವು ಹೇಳುವುದು ಇಷ್ಟೆ. ಪುಸ್ತಕವನ್ನು ಎಸೆಯುವ ಮೊದಲು ಓದಬೇಕು. ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಎದುರಿಗಿದ್ದೂ ಒಬ್ಬರು ದಿನವೂ ಕೈಯಲ್ಲಿ ಬರೆಯುತ್ತಿದ್ದಾರೆಂದರೆ, ಆ ಸಾಫ್ಟ್‌ವೇರಿನಲ್ಲಿ ಏನಿಲ್ಲವೆಂಬುದರ ಪಟ್ಟಿ ಅವರ ಕೈಬರಹದಲ್ಲಿ ಸಿದ್ಧವಾಗಿದೆ. ಯಾರ ಠೇವಣಿ ಹಿಂದಿರುಗಿಸಬೇಕು, ಯಾರ ಕರಾರು ಈ ತಿಂಗಳಿಗೆ ಮುಗಿಯುತ್ತದೆ, ಯಾರ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ತಪ್ಪಿದೆ, ಯಾವ ಏಸಿ ಸೋರುತ್ತಿದೆ, ಇವು ಮೊದಲ ಪುಟಕ್ಕೆ ಬರಲಿ. ವರಮಾನದ ಗೆರೆಗಳು ಎರಡನೆಯ ಪುಟದಲ್ಲಿದ್ದರೆ ಮಾಲೀಕರಿಗೇನೂ ನಷ್ಟವಿಲ್ಲ, ಅವರು ನೋಡುವುದು ಹೇಗೂ ತಿಂಗಳಿಗೊಮ್ಮೆ. ಪ್ರತಿ ಸಾಲಿನ ಕೊನೆಗೂ ಒಂದು ಷರಾ ಅಂಕಣವಿರಲಿ, ಅದರಲ್ಲಿ ಮರಾಠಿಯಲ್ಲೂ ಬರೆಯಲು ಬರಲಿ.

ಇಲ್ಲಿ ಒಂದು ತೊಡಕಿದೆ, ಅದನ್ನು ಎತ್ತಿದವರು ಮೆಟ್ಟಿಲು ಹತ್ತಲಾರದ ನಮ್ಮ ಹಿರಿಯರೇ. ತಮ್ಮ ಮಂಡಿನೋವು ದಾಖಲೆ ಸೇರಿದ್ದನ್ನು ಕೇಳಿ ಅವರು ಮೊದಲು ನಕ್ಕರು. ಆಮೇಲೆ, "ಡ್ರಾಯರಿನಲ್ಲಿದ್ದರೆ ಅದು ಅಕ್ಕರೆ ಕಣ್ರೀ, ಮೂರು ಶಾಖೆಯಲ್ಲೂ ಕಂಡರೆ ಚಾಡಿ" ಎಂದರು. ಅದು ನಿಜ. ಆದ್ದರಿಂದ ಷರಾ ಯಾರ ಬಗ್ಗೆ ಇದೆಯೋ ಅವರು ಅದನ್ನು ಓದುವಂತಿರಬೇಕು, ಅಳಿಸೆಂದು ಹೇಳುವಂತಿರಬೇಕು. ಪ್ರವೇಶದ ಕಾರ್ಡಿನಿಂದ ಯಾರು ಎಷ್ಟು ಗಂಟೆಗೆ ಬಂದರು, ಹೋದರು ಎಂಬುದನ್ನು ಪರದೆಯ ಮೇಲೆ ಹರಿಯಬಿಡುವ ಆಲೋಚನೆಯೂ ಕರಡಿನಲ್ಲಿತ್ತು. ಚಹಾದ ಲೆಕ್ಕಕ್ಕೆ ತಲೆಯೆಣಿಕೆ ಸಾಕು, ಹೆಸರು ಬೇಡ.

ಕಿರಿಯ ಮಿತ್ರರು ಮರುವಾರವೇ ಹೋಗಿ ಪುಸ್ತಕ ಕೇಳಿದರಂತೆ. ಆ ತರುಣಿ ಮೊದಲು ಒಪ್ಪಲಿಲ್ಲ. ಕೊನೆಗೆ ಕೆಲವು ಪುಟಗಳನ್ನು ಪಿನ್ ಹೊಡೆದು ಮುಚ್ಚಿ ಕೊಟ್ಟರಂತೆ. "ಆ ಪುಟದಾಗ ಮಾಲೀಕರ ಬಗ್ಗೆ ಏನೋ ಐತ್ರಿ ಸರ್, ನಾ ತೆಗದು ನೋಡ್ಲಿಲ್ಲ" ಎಂದು ನಮ್ಮ ಧಾರವಾಡದ ಹುಡುಗ ಹೇಳಿದರು. ಹೊಸ ಕರಡು ಇನ್ನೂ ಮಾಲೀಕರ ಮುಂದಿದೆ. ಮುಂದಿನ ಓದುಕೂಟ ಎಂದಿನಂತೆ ಎರಡನೆಯ ಭಾನುವಾರ, ಕೆಳಗಿನ ಕೊಠಡಿಯಲ್ಲಿ. ಪುಸ್ತಕದಲ್ಲಿ ಬರೆಸಿ ಬಂದಿದ್ದೇವೆ.