ಹೊಸ ಹಳಿಯ ಲೆಕ್ಕದಲ್ಲಿ ವ್ಯಾಪಾರದ ನಷ್ಟಕ್ಕೂ ಒಂದು ಬಾಬ್ತಿರಲಿ

ನಗರಗಳ ಹೊರವಲಯಕ್ಕೆ ರೈಲು ಸಂಪರ್ಕ ಬೇಕೆಂಬುದರಲ್ಲಿ ವರ್ತಕರಲ್ಲಾಗಲಿ ಸಣ್ಣ ಕೈಗಾರಿಕೋದ್ಯಮಿಗಳಲ್ಲಾಗಲಿ ಎರಡು ಮಾತಿಲ್ಲ. ಬೆಂಗಳೂರಿನ ಮೆಟ್ರೊ 2014ರಲ್ಲಿ ಪೀಣ್ಯವನ್ನೂ 2025ರಲ್ಲಿ ಬೊಮ್ಮಸಂದ್ರವನ್ನೂ ತಲುಪಿತು. ಕೆಲಸಗಾರನು ಪಾಳಿಯ ಹೊತ್ತಿಗೆ ಸರಿಯಾಗಿ, ದಣಿಯದೆ ಬರುವುದು ಕಾರ್ಖಾನೆಗೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಅಲ್ಲಿನ ಉದ್ಯಮಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಹೊಸ ಮಾರ್ಗಗಳನ್ನು ವಿರೋಧಿಸುವುದು ಈ ಲೇಖನದ ಉದ್ದೇಶವಲ್ಲ. ಮಾರ್ಗ ನಿರ್ಮಾಣವಾಗುವ ವರ್ಷಗಳಲ್ಲಿ ರಸ್ತೆಯ ಇಕ್ಕೆಲದ ವ್ಯಾಪಾರಕ್ಕೆ ಆಗುವ ನಷ್ಟವನ್ನು ಯೋಜನೆಯ ವೆಚ್ಚದಲ್ಲಿಯೇ ಸೇರಿಸಬೇಕು. ಅದೂ ವಿಸ್ತೃತ ಯೋಜನಾ ವರದಿ ಸಿದ್ಧವಾಗುವ ಹಂತದಲ್ಲಿಯೇ ಸೇರಿಸಬೇಕು ಎಂಬುದಷ್ಟೇ ಇಲ್ಲಿಯ ವಾದ.

ಈ ಮಾತಿಗೆ ಈಗ ವಿಶೇಷ ಮಹತ್ವವಿದೆ. ಪೂರ್ಣ ಪ್ರಮಾಣದ ಮೆಟ್ರೊಗೆ ಬೇಕಾಗುವಷ್ಟು ಪ್ರಯಾಣಿಕರಿಲ್ಲದ ಊರುಗಳಿಗೂ ಉಪನಗರಗಳಿಗೂ ಹೊಂದುವ ಲಘು ರೈಲು ವ್ಯವಸ್ಥೆಯ ಮಾನದಂಡಗಳನ್ನು ಕೇಂದ್ರ ಸರ್ಕಾರವು 2019ರಲ್ಲಿ 'ಮೆಟ್ರೊಲೈಟ್' ಎಂಬ ಹೆಸರಿನಲ್ಲಿ ಪ್ರಕಟಿಸಿತು. ದಟ್ಟಣೆಯ ಹೊತ್ತಿನಲ್ಲಿ ಒಂದು ದಿಕ್ಕಿಗೆ ಗಂಟೆಗೆ 15,000ದವರೆಗೆ ಪ್ರಯಾಣಿಕರಿರುವ ಮಾರ್ಗಗಳಿಗೆ ಇದು ತಕ್ಕದ್ದೆಂಬುದು ಅದರ ಆಶಯ. ಸಾಧ್ಯವಿದ್ದಲ್ಲೆಲ್ಲ ಹಳಿಗಳನ್ನು ನೆಲದ ಮೇಲೆಯೇ ಹಾಕಿ ಬದಿಗೆ ಬೇಲಿ ಕಟ್ಟುವುದರಿಂದ ಮೆಟ್ರೊಗಿಂತ ಖರ್ಚು ಬಹಳ ಕಡಿಮೆಯಾಗುತ್ತದೆ. ಆದರೆ ನೆಲದ ಮೇಲಿನ ಹಳಿಗೆ ಬೇಕಾದ ಅಗಲವು ರಸ್ತೆಯಿಂದಲೇ ಬರಬೇಕು. ಗಿರಾಕಿಯ ವಾಹನ ನಿಲ್ಲುವ, ಲಾರಿ ಸರಕು ಇಳಿಸುವ, ಟೆಂಪೊ ತಿರುಗುವ ಜಾಗವೂ ಅದೇ. ಸರ್ಕಾರದ ಲೆಕ್ಕದಲ್ಲಿ ಉಳಿದ ಹಣವು ಅಂಗಡಿಯ ಗಲ್ಲಾದಿಂದ ಹೋಗುವಂತಾಗಬಾರದು.

ರಸ್ತೆಯ ನಡುವಣ ಪಥವನ್ನು ಸಾರ್ವಜನಿಕ ಸಾರಿಗೆಗೆ ಮೀಸಲಿಡುವುದೆಂದರೇನೆಂಬುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದದ ತ್ವರಿತ ಬಸ್ ಮಾರ್ಗದಲ್ಲಿ 2018ರಲ್ಲಿ ಪ್ರಾಯೋಗಿಕ ಸಂಚಾರ ಆರಂಭವಾಗಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ ನಡೆಯಿತು. ಅದು ಕೇವಲ ಬಸ್ಸಿನ ಹಾದಿ. ರೈಲಿನ ಹಳಿಯಾದರೆ ಇನ್ನೊಂದು ಕಷ್ಟವೂ ಸೇರುತ್ತದೆ. ಹಳಿ ಹಾಕಿದ ಮೇಲೆ ಮತ್ತೆ ಮತ್ತೆ ಅಗೆಯಲಾಗದು. ಆದಕಾರಣ ಕುಡಿಯುವ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಮತ್ತು ದೂರವಾಣಿ ತಂತಿಗಳೆಲ್ಲವನ್ನೂ ಮೊದಲೇ ಸ್ಥಳಾಂತರಿಸಬೇಕು. ನೆಲದಡಿ ಏನೇನಿದೆಯೆಂಬ ಸರಿಯಾದ ನಕ್ಷೆ ಇಲ್ಲದ ಊರುಗಳಲ್ಲಿ ಈ ಕೆಲಸ ಎಂದು ಮುಗಿದೀತೆಂದು ಮುಂಚಿತವಾಗಿ ಹೇಳುವುದು ಕಷ್ಟ.

ವಿಳಂಬದ ವಿಷಯದಲ್ಲಿ ನಮ್ಮ ಅನುಭವ ಸಾಕಷ್ಟಿದೆ. ತುಮಕೂರು ರಸ್ತೆಯಲ್ಲಿ ನಾಗಸಂದ್ರದಿಂದ ಮಾದಾವರದವರೆಗಿನ ಮೆಟ್ರೊ ವಿಸ್ತರಣೆಯ ಉದ್ದ ಕೇವಲ 3 ಕಿ.ಮೀ. ಚಿಲ್ಲರೆ. 2017ರಲ್ಲಿ ಗುತ್ತಿಗೆ ನೀಡಿದ ಆ ಕಾಮಗಾರಿ 2019ರಲ್ಲಿ ಮುಗಿಯಬೇಕಿತ್ತು. ರೈಲು ಓಡಿದ್ದು 2024ರ ನವೆಂಬರಿನಲ್ಲಿ. 148 ಕಿ.ಮೀ. ಉದ್ದದ ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಅವಧಿಯನ್ನು ಘೋಷಿಸಲಾಗಿತ್ತು. 2025ರ ಅಕ್ಟೋಬರಿಗೆ ಆ ಅವಧಿ ಮುಗಿದಾಗ ಒಂದು ಮಾರ್ಗದಲ್ಲಿಯೂ ಗಾಡಿ ಓಡಿರಲಿಲ್ಲ. ಕಾಮಗಾರಿ ತಡವಾದರೆ ಸರ್ಕಾರವು ಪರಿಷ್ಕೃತ ಅಂದಾಜು ಸಿದ್ಧಪಡಿಸಿಕೊಳ್ಳುತ್ತದೆ. ಸಣ್ಣ ವರ್ತಕನಿಗೆ ಪರಿಷ್ಕೃತ ಅಂದಾಜೆಂಬುದಿಲ್ಲ. ಬಾಡಿಗೆ, ಬ್ಯಾಂಕಿನ ಬಡ್ಡಿ, ಕೆಲಸದವರ ಸಂಬಳ ಇವು ಯಾವ ತಿಂಗಳೂ ನಿಲ್ಲುವುದಿಲ್ಲ.

ಕಾನೂನಿನ ದೃಷ್ಟಿ ಮುಖ್ಯವಾಗಿ ಭೂಮಿಯ ಮೇಲಿದೆ. 2013ರ ಭೂಸ್ವಾಧೀನ ಕಾಯಿದೆಯು ಒಡೆಯರನ್ನಷ್ಟೇ ಅಲ್ಲದೆ, ಬಾಧಿತ ಪ್ರದೇಶದಲ್ಲಿ ಮೂರು ವರ್ಷಗಳಿಂದ ಜೀವನೋಪಾಯ ಕಂಡುಕೊಂಡಿರುವ ಬಾಡಿಗೆದಾರರನ್ನೂ ಕುಶಲಕರ್ಮಿಗಳನ್ನೂ ಬಾಧಿತ ಕುಟುಂಬಗಳೆಂದು ಗುರುತಿಸಿತು. ಇದು ಸ್ವಾಗತಾರ್ಹ. ಆದರೆ ಸ್ವಾಧೀನದ ಗೆರೆಯಿಂದ ಹತ್ತು ಅಡಿ ಆಚೆಗಿರುವ ಅಂಗಡಿಯ ಸ್ಥಿತಿ ಏನು? ಗೋಡೆಗೆ ಧಕ್ಕೆಯಿಲ್ಲ, ಆದರೆ ಮುಂದೆ ಬ್ಯಾರಿಕೇಡ್ ಇದೆ, ಧೂಳಿದೆ, ಗಿರಾಕಿ ಬರುತ್ತಿಲ್ಲ. ಭೂಮಿ ಹೋಗದೆ ವ್ಯಾಪಾರ ಮಾತ್ರ ಹೋದ ಇಂಥವನ ನಷ್ಟ ತುಂಬಿಕೊಡುವ ಸ್ಪಷ್ಟ ವಿಧಿ ಅದರಲ್ಲಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಟ್ರ್ಯಾಮ್ ಯೋಜನೆ ಈ ವಿಷಯದಲ್ಲಿ ಎಚ್ಚರಿಕೆಯೂ ಹೌದು, ಮಾದರಿಯೂ ಹೌದು. ಮೊದಲಿಗೆ 37.5 ಕೋಟಿ ಪೌಂಡ್ ಅಂದಾಜಿದ್ದ ಯೋಜನೆ, ಮಾರ್ಗವನ್ನು ಮೊಟಕುಗೊಳಿಸಿದ ಮೇಲೂ 77.6 ಕೋಟಿ ಪೌಂಡ್ ನುಂಗಿತು. 2011ರಲ್ಲಿ ಓಡಬೇಕಿದ್ದ ಗಾಡಿ 2014ರಲ್ಲಿ ಓಡಿತು. ಲೀತ್ ವಾಕ್ ಎಂಬ ಅಂಗಡಿ ಬೀದಿಯನ್ನು ಕೊಳವೆಗಳ ಸ್ಥಳಾಂತರಕ್ಕಾಗಿ ಅಗೆದು ವರ್ತಕರನ್ನು ಕಂಗೆಡಿಸಿದ ತರುವಾಯ, ಹಣ ಸಾಲದೆ ಮಾರ್ಗವನ್ನು ಅಲ್ಲಿಗೆ ಒಯ್ಯುವುದನ್ನೇ ಕೈಬಿಡಲಾಯಿತು. ಈ ಅವ್ಯವಸ್ಥೆಯ ಬಗ್ಗೆ ನಡೆದ ಸಾರ್ವಜನಿಕ ವಿಚಾರಣೆಯ ವರದಿ 2023ರಲ್ಲಿ ಹೊರಬಂದಿತು. ಅದೇ ಬೀದಿಯಲ್ಲಿ 2019ರಲ್ಲಿ ಮತ್ತೆ ಕಾಮಗಾರಿ ಆರಂಭಿಸಿದಾಗ ನಗರಸಭೆ ಪಾಠ ಕಲಿತಿತ್ತು. ವರ್ತಕರ ನೆರವಿಗೆ ಪ್ರತ್ಯೇಕ ನಿಧಿಯನ್ನೂ, ಸರಕು ಇಳಿಸಿ ಅಂಗಡಿಗಳಿಗೆ ತಲುಪಿಸುವ ಕೇಂದ್ರಗಳನ್ನೂ ಯೋಜನೆಯ ಭಾಗವಾಗಿಯೇ ರೂಪಿಸಿತು. ಆ ಮಾರ್ಗ 2023ರ ಜೂನ್‌ನಲ್ಲಿ, ಗೊತ್ತುಪಡಿಸಿದ ಸುಮಾರು 20.7 ಕೋಟಿ ಪೌಂಡ್ ಮಿತಿಯೊಳಗೆ ಮುಗಿಯಿತು. ವರ್ತಕರ ಹಿತ ಕಾಯ್ದರೆ ಯೋಜನೆ ಕೆಡುತ್ತದೆಂಬ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಮಾರ್ಗ ಬಂದ ಮೇಲೆ ಆಸ್ತಿಯ ಬೆಲೆ ಏರುತ್ತದಲ್ಲ, ಪರಿಹಾರವೇಕೆ ಎಂದು ಅಧಿಕಾರಿಗಳು ಕೇಳಬಹುದು. ಬೆಲೆ ಏರುವುದು ನಿಜ. ಆದರೆ ಏರಿದ ಬೆಲೆ ಕಟ್ಟಡದ ಮಾಲೀಕನದು. ಐದಾರು ವರ್ಷ ನಷ್ಟದಲ್ಲಿ ಅಂಗಡಿ ನಡೆಸಿದ ಬಾಡಿಗೆದಾರನಿಗೆ ಕೊನೆಯಲ್ಲಿ ಸಿಗುವುದು ಏರಿದ ಬಾಡಿಗೆ ಮಾತ್ರ. 2017ರ ರಾಷ್ಟ್ರೀಯ ಮೆಟ್ರೊ ರೈಲು ನೀತಿಯು ಹೀಗೆ ಏರಿದ ಮೌಲ್ಯದ ಒಂದಂಶವನ್ನು ಅಭಿವೃದ್ಧಿ ಕರ ಮೊದಲಾದ ರೂಪದಲ್ಲಿ ಯೋಜನೆಗೆ ಸೆಳೆದುಕೊಳ್ಳಬೇಕೆಂದು ಹೇಳುತ್ತದೆ. ಅದರಲ್ಲಿ ಒಂದು ಪಾಲನ್ನು ಮೌಲ್ಯ ಏರಿಕೆಗಾಗಿ ಬೆಲೆ ತೆತ್ತವರಿಗೆ ಕೊಡುವುದು ನ್ಯಾಯವೇ ಸರಿ. ಮೊತ್ತವೂ ಭಾರವಾದದ್ದಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಬೆಂಗಳೂರು ಮೆಟ್ರೊ ಮೂರನೆಯ ಹಂತ ಹೊರವರ್ತುಲ ರಸ್ತೆಯ ಪಶ್ಚಿಮ ಭಾಗದಲ್ಲಿಯೂ ಮಾಗಡಿ ರಸ್ತೆಯಲ್ಲಿಯೂ ಸಾಗುತ್ತದೆ. ಎರಡೂ ಸಣ್ಣ ಕಾರ್ಖಾನೆಗಳ, ಅಂಗಡಿಗಳ ನಾಡು. ಅದರ ಅಂದಾಜು 15,611 ಕೋಟಿ ರೂಪಾಯಿ. ಇದರಲ್ಲಿ ನೂರಕ್ಕೆ ಅರ್ಧ ರೂಪಾಯಿಯಂತೆ ತೆಗೆದಿಟ್ಟರೂ 78 ಕೋಟಿಯಾಗುತ್ತದೆ.

ನಷ್ಟವನ್ನು ಅಳೆಯುವುದು ಹೇಗೆಂಬ ಪ್ರಶ್ನೆಗೂ ಈಗ ಉತ್ತರವಿದೆ. 2017ರ ಜುಲೈನಿಂದ ನೋಂದಾಯಿತ ವರ್ತಕರ ವಹಿವಾಟು ಜಿ.ಎಸ್.ಟಿ. ದಾಖಲೆಗಳಲ್ಲಿ ಸರ್ಕಾರದ ಕೈಯಲ್ಲಿಯೇ ಇದೆ. ಕಾಮಗಾರಿಗೆ ಹಿಂದಿನ ಮೂರು ವರ್ಷಗಳ ಸರಾಸರಿಯನ್ನು ಕಾಮಗಾರಿ ಕಾಲದ ವಹಿವಾಟಿನೊಡನೆ ಹೋಲಿಸಿದರೆ ಇಳಿತ ತಾನಾಗಿ ಕಾಣುತ್ತದೆ. ನೋಂದಣಿಯ ಮಿತಿಗಿಂತ ಕೆಳಗಿರುವ ಚಿಕ್ಕ ಅಂಗಡಿಗಳಿಗೆ ಮಾಸಿಕ ನಿಗದಿತ ಮೊತ್ತ ಕೊಡಬಹುದು.

ಈ ಹಿನ್ನೆಲೆಯಲ್ಲಿ ಯಾವುದೇ ಹೊಸ ಮಾರ್ಗದ ಯೋಜನಾ ವರದಿಗೆ ಮುನ್ನ ವಾಣಿಜ್ಯ ಸಂಸ್ಥೆಗಳು ನಾಲ್ಕು ಬೇಡಿಕೆಗಳನ್ನು ಲಿಖಿತವಾಗಿ ಸಲ್ಲಿಸುವುದು ಉಚಿತ. ಮೊದಲನೆಯದು, ವ್ಯಾಪಾರ ನಷ್ಟದ ಪರಿಹಾರಕ್ಕೆ ವರದಿಯಲ್ಲಿಯೇ ಪ್ರತ್ಯೇಕ ಬಾಬ್ತು. ಎರಡನೆಯದು, ಇಡೀ ರಸ್ತೆಯನ್ನು ಒಮ್ಮೆಗೇ ಅಗೆಯದೆ ಭಾಗ ಭಾಗವಾಗಿ ಕೈಗೊಂಡು, ಒಂದನ್ನು ಮುಚ್ಚಿದ ಮೇಲೆಯೇ ಮುಂದಿನದನ್ನು ತೆರೆಯುವ ಷರತ್ತು. ಅವಧಿ ಮೀರಿದಾಗ ಗುತ್ತಿಗೆದಾರರಿಂದ ವಸೂಲಾಗುವ ದಂಡದ ಒಂದು ಭಾಗ ಪರಿಹಾರ ನಿಧಿಗೆ. ಮೂರನೆಯದು, ಸರಕು ಇಳಿಸುವ ತಾಣ ಮತ್ತು ವೇಳೆಯ ನಿಗದಿ, ವಿದ್ಯುತ್ ನಿಲುಗಡೆಗೆ ಮುಂಚಿತ ಸೂಚನೆ. ನಾಲ್ಕನೆಯದು, ಬಾಧಿತ ಅವಧಿಗೆ ವ್ಯಾಪಾರ ಪರವಾನಗಿ ಶುಲ್ಕ ಮತ್ತು ವಿದ್ಯುತ್ತಿನ ನಿಗದಿತ ಶುಲ್ಕದಲ್ಲಿ ವಿನಾಯಿತಿ. ಯಂತ್ರ ತಿರುಗದಿದ್ದರೂ ಮಂಜೂರಾದ ಹೊರೆಗೆ ಶುಲ್ಕ ತೆರಬೇಕಾದ ಸಣ್ಣ ಘಟಕಗಳಿಗೆ ಈ ಕೊನೆಯದು ತುಂಬ ಅಗತ್ಯ.

ವರ್ತಕರ ಕಡೆಯಿಂದಲೂ ಆಗಬೇಕಾದ ಕೆಲಸವಿದೆ. ನಮ್ಮಲ್ಲಿ ಅನೇಕರ ಬಾಡಿಗೆ ಕರಾರು ಇಂದಿಗೂ ಬಾಯಿಮಾತಿನದು. ಉದ್ಯಮ್ ನೋಂದಣಿ ಇಲ್ಲದ ಘಟಕಗಳೂ ಉಂಟು. ಕಾಗದವಿಲ್ಲದವನಿಗೆ ಯಾವ ನಿಧಿಯೂ ನೆರವಾಗದು. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವರ್ತಕರು 2006-07ರ ಸುಮಾರಿಗೆ ಮೆಟ್ರೊ ಮಾರ್ಗವನ್ನೇ ಬದಲಿಸಬೇಕೆಂದು ಹೋರಾಡಿದರು. ಮಾರ್ಗ ಬದಲಾಗಲಿಲ್ಲ, 2011ರಲ್ಲಿ ರೈಲು ಅಲ್ಲಿಯೇ ಓಡಿತು. ಮಾರ್ಗ ಬೇಡವೆಂದು ಕಾಮಗಾರಿಯ ಹೊಸ್ತಿಲಲ್ಲಿ ಹೋರಾಡುವುದಕ್ಕಿಂತ, ಯಾವ ಷರತ್ತಿನ ಮೇಲೆ ಬರಬೇಕೆಂದು ಯೋಜನೆಯ ಹಂತದಲ್ಲಿಯೇ ಮಾತನಾಡುವುದು ಫಲಕಾರಿ. ನಕ್ಷೆ ಕಾಗದದ ಮೇಲಿರುವಾಗ ಒಂದು ಗೆರೆ ತಿದ್ದುವುದು ಸುಲಭ. ನೆಲ ಅಗೆದ ಮೇಲೆ ಸಲ್ಲಿಸುವ ಮನವಿ ಕಡತ ಸೇರುತ್ತದೆ. ತಮ್ಮ ರಸ್ತೆಯಲ್ಲಿ ಹೊಸ ಮಾರ್ಗದ ಸಮೀಕ್ಷೆ ಆರಂಭವಾದ ಕೂಡಲೇ ಸದಸ್ಯರು ವಹಿವಾಟಿನ ವಿವರಗಳೊಂದಿಗೆ ತಂತಮ್ಮ ವರ್ತಕ ಸಂಘಗಳ ಮೂಲಕ ಮುಂದೆ ಬರಲಿ. ಸರ್ಕಾರವೂ ಅವರನ್ನು ಯೋಜನೆಯ ಪಾಲುದಾರರೆಂದು ಬಗೆದು ಕರೆದು ಕೇಳಲಿ.