ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ

ಫ್ಲ್ಯಾಟಿಗೆ ಮುಂಗಡ ಕೊಡುವಾಗ, ಸಾಲ ಮಾಡಿ ಕಾರು ತೆಗೆಯುವಾಗ ಅವರು ತೋರಿಸಿದಲ್ಲೆಲ್ಲ ನಾವು ಸಹಿ ಹಾಕುತ್ತೇವೆ. ಆ ಕಾಗದಗಳ ನಡುವೆ ಸಣ್ಣಕ್ಷರದಲ್ಲಿ ಒಂದು ಷರತ್ತು ಇರುತ್ತದೆ: ತಕರಾರು ಬಂದರೆ ಆರ್ಬಿಟ್ರೇಶನ್, ಅಂದರೆ ಮಧ್ಯಸ್ಥಗಾರನ ತೀರ್ಮಾನವೇ ಅಂತಿಮ. ಹೆಚ್ಚಾಗಿ ಆ ವಿಚಾರಣೆ ನಡೆಯುವುದು ಕಂಪೆನಿಯ ಊರಿನಲ್ಲಿ.

ಮಧ್ಯಸ್ಥಿಕೆ ನಮಗೇನೂ ಹೊಸತಲ್ಲ. ಜಮಾಅತ್‌ಗಳಲ್ಲಿ ಎಷ್ಟೋ ಜಗಳಗಳು ಹಾಗೆಯೇ ಮುಗಿದಿವೆ. ಗಂಡ ಹೆಂಡತಿಯ ಕಲಹಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥ ಬೇಕೆಂದು ಕುರ್‌ಆನ್ ಹೇಳುತ್ತದೆ. ಸಾಲದ ಪತ್ರ ಬರೆಯುವಾಗ ಸಾಲದ ಹೊಣೆ ಹೊತ್ತವನೇ ಹೇಳಿ ಬರೆಸಬೇಕು ಎನ್ನುತ್ತದೆ ಸೂರಃ ಅಲ್ ಬಕರದ 282ನೇ ಆಯತ್. ಈಗ ಆಗುತ್ತಿರುವುದು ಉಲ್ಟಾ. ಬರೆಯುವುದೂ ಅವರೇ, ಜಾಗ ಗೊತ್ತು ಮಾಡುವುದೂ ಅವರೇ, ಎಷ್ಟೋ ಸಲ ಮಧ್ಯಸ್ಥನನ್ನು ಆರಿಸುವುದೂ ಅವರೇ. ಇದನ್ನು ಮಧ್ಯಸ್ಥಿಕೆ ಅಂತ ಕರೆಯುವುದು ಹೇಗೆ?

"ಸಹಿ ಹಾಕಿ ಆಯ್ತಲ್ಲ, ಇನ್ನೇನು ಮಾಡೋದು" ಎಂದು ನಮ್ಮವರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. ಇಂಥ ಷರತ್ತು ಇದ್ದರೂ ಗ್ರಾಹಕರು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂಬುದನ್ನು ಎಮಾರ್ ಎಂಜಿಎಫ್ ಮತ್ತು ಅಫ್ತಾಬ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟಪಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ಆದರೆ ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಸಹಾಯವಾಣಿ 1915.

ಎರಡು ಎಚ್ಚರಿಕೆ. ಈ ರಕ್ಷಣೆ ಗ್ರಾಹಕನಿಗೆ ಮಾತ್ರ. ವ್ಯಾಪಾರಕ್ಕೆಂದು ಕೊಂಡದ್ದಕ್ಕೆ ಇದು ಸಿಗುವುದಿಲ್ಲ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಮಾತ್ರ ಎಂದು ತೆಗೆದ ಆಟೋದಂಥದ್ದಕ್ಕೆ ವಿನಾಯಿತಿ ಇದೆ. ಎರಡನೆಯದು, ಕಂತು ಬಾಕಿಯಾಗಿ ಆರ್ಬಿಟ್ರೇಶನ್ ನೋಟಿಸು ಬಂದರೆ ಕಪಾಟಿನ ಮೇಲಿಟ್ಟು ಮರೆಯಬೇಡಿ. ನಾವು ಹೋಗದಿದ್ದರೂ ತೀರ್ಪು ಆಗುತ್ತದೆ, ಅದು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಕೂಡಲೇ ವಕೀಲರನ್ನು ಕಾಣಿ. ಕಂಪೆನಿ ತಾನೊಬ್ಬನೇ ನೇಮಿಸಿದ ಮಧ್ಯಸ್ಥನನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿ ಇದೆ.

ಗಲ್ಫ್‌ನಲ್ಲಿ ಮಕ್ಕಳು ಬೆವರು ಸುರಿಸಿ ಕಳಿಸಿದ ಹಣ ಇಲ್ಲಿ ಫ್ಲ್ಯಾಟಾಗುತ್ತದೆ, ವಾಹನವಾಗುತ್ತದೆ. ನಮ್ಮ ಪ್ರತಿ ಜಮಾಅತ್‌ನಲ್ಲೂ ಈಗ ವಕೀಲರಿದ್ದಾರೆ. ತಿಂಗಳಿಗೆ ಒಂದು ಜುಮಾ ಬಳಿಕ ಅರ್ಧ ಗಂಟೆ ಅವರನ್ನು ಕೂರಿಸಿ, ಸಹಿಗೆ ಮುಂಚೆ ಕಾಗದ ಓದಿಸುವ ವ್ಯವಸ್ಥೆಯನ್ನು ನಮ್ಮ ಕಮಿಟಿಗಳು ಮಾಡಲಿ. ಖರ್ಚಿಲ್ಲದ ಕೆಲಸ ಇದು.