ತಂಪಿನ ಖಾತೆ

ಮಕ್ಕಳೇ, ಫೋಕ್ಸ್‌ವ್ಯಾಗನ್ ಕಂಪನಿಯ ಹಳೆಯ ಕ್ಯಾಂಪರ್ ವ್ಯಾನ್ ನೋಡಿದ್ದೀರಾ? ಅಡುಗೆ, ನಿದ್ದೆ ಎಲ್ಲ ಅದರೊಳಗೇ. 1950ರಲ್ಲಿ ಜರ್ಮನಿಯಲ್ಲಿ ತಯಾರಾಗತೊಡಗಿದ ಆ ವ್ಯಾನಿನ ಎಂಜಿನ್ ಹಿಂಬದಿಯಲ್ಲಿತ್ತು. ಅದನ್ನು ತಣಿಸಲು ಫ್ಯಾನಿನ ಗಾಳಿ. ಒಳಗೆ ಕೂತವರಿಗೆ ಮಾತ್ರ ಕಿಟಕಿಯೇ ಗತಿ!

ಅಮೆರಿಕದ ಅರಿಜೋನಾದಲ್ಲಿರುವ ನನ್ನ ಮೊಮ್ಮಗನ ಮನೆಯಲ್ಲಿ ಇಂಥದೊಂದಿದೆ. ಅಲ್ಲಿ ಬೇಸಿಗೆಗೆ 40 ಡಿಗ್ರಿ ಮಾಮೂಲು. “ಮೇಲೊಂದು ಏಸಿ ಕೂರಿಸಿದರೆ ಅಜ್ಜಿಯೂ ವ್ಯಾನಿನಲ್ಲೇ ಮಲಗಬಹುದಲ್ಲ ತಾತ?” ಎಂದ.

ಪೆನ್ಸಿಲ್ ತೆಗೆದುಕೋ ಎಂದೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿ. ಗುಣಿಸಿದರೆ 1,200 ವಾಟ್-ಗಂಟೆ. ಅದು ನಮ್ಮ ಠೇವಣಿ. ಚಾವಣಿಯ ಏಸಿ ಎಳೆಯುವುದು ಸುಮಾರು 1,500 ವಾಟ್. 48 ನಿಮಿಷಕ್ಕೆ ಖಾತೆ ಖಾಲಿ! ಸೀಸದ ಬ್ಯಾಟರಿಯಾದರಂತೂ ಅರ್ಧ ಮುಟ್ಟದೆ ಬಿಡಬೇಕು. (ಮಿನಿಮಮ್ ಬ್ಯಾಲೆನ್ಸ್ ಎಲ್ಲಿ ಹೋದರೂ ಬಿಡದು.) ಆಗ ಉಳಿಯುವುದು 24 ನಿಮಿಷ. ಅಷ್ಟರಲ್ಲಿ ಅಜ್ಜಿ ಕನ್ನಡಕ ತೆಗೆದಿಟ್ಟಿರುತ್ತಾಳೆ, ಅಷ್ಟೇ.

“ಜನರೇಟರ್ ಇದೆಯಲ್ಲ?” ಎಂದ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ವಾಸನೆಯೇ ಇಲ್ಲದ ವಿಷ. ಮಲಗುವ ಗಾಡಿಯ ಹತ್ತಿರ ಅದು ಬೇಡವೇ ಬೇಡ. ಹಾಗಾಗಿ ಏಸಿ ಹಾಕಿಸಲಿ, ಆದರೆ ರಾತ್ರಿ ತಂಗುವುದು ವಿದ್ಯುತ್ ಪ್ಲಗ್ ಇರುವ ಕ್ಯಾಂಪ್ ಮೈದಾನದಲ್ಲಿ ಎಂದು ತೀರ್ಮಾನವಾಯಿತು.